ಪೈಥಾನ್: ದುರಸ್ತಿಗೇ ದುರಸ್ತಿ ಬೇಕಾದಾಗ

2025ರ ಡಿಸೆಂಬರ್ 2ರಂದು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 3.14.1 ಆವೃತ್ತಿ ಬಿಡುಗಡೆಯಾಯಿತು. ಮೂರೇ ದಿನಗಳಲ್ಲಿ, ಡಿಸೆಂಬರ್ 5ರಂದು, 3.14.2 ಬಂತು. ಹಿಂದಿನ ಸರಣಿಯ ಕಥೆಯೂ ಅದೇ: ಡಿಸೆಂಬರ್ 2ಕ್ಕೆ 3.13.10, ಡಿಸೆಂಬರ್ 5ಕ್ಕೆ 3.13.11. ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಬರುವ ಇಂಥ ಬಿಡುಗಡೆಗಳು ಒಂದೇ ವಾರದಲ್ಲಿ ಎರಡೆರಡು ಬಂದಾಗ, ಯಾವುದನ್ನು ಹಾಕಿಕೊಳ್ಳಬೇಕು, ಹಾಕಿಕೊಂಡದ್ದನ್ನು ತೆಗೆಯಬೇಕೇ ಎಂಬ ಗೊಂದಲ ಹುಟ್ಟುವುದು ಸಹಜ.

ಇದು ಆಕಸ್ಮಿಕವಾಗಿ ಒಮ್ಮೆ ನಡೆದ ಎಡವಟ್ಟೂ ಅಲ್ಲ. ಅದೇ ವರ್ಷ ಜೂನ್ 3ರಂದು ಬಂದ 3.13.4ರ ತಪ್ಪುಗಳನ್ನು ಸರಿಪಡಿಸಲು ಜೂನ್ 11ರಂದು 3.13.5 ಬಂದಿತ್ತು. ಆಗಸ್ಟ್‌ನಲ್ಲಿ 3.13.6ರ ಬೆನ್ನಿಗೇ 3.13.7, ಅಕ್ಟೋಬರ್‌ನಲ್ಲಿ 3.13.8ರ ಬೆನ್ನಿಗೇ 3.13.9 ಬಂದವು. 3.13 ಸರಣಿಯನ್ನು ಸಾಲಾಗಿ ನೋಡಿದರೆ ಸಮಸಂಖ್ಯೆಯ ಆವೃತ್ತಿ ಕೆಡಿಸಿದ್ದನ್ನು ಬೆಸಸಂಖ್ಯೆಯ ಆವೃತ್ತಿ ತುರ್ತಾಗಿ ಸರಿಪಡಿಸಿದಂತೆ ಕಾಣುತ್ತದೆ. ಸಂಖ್ಯೆಗಳ ಈ ಹೊಂದಾಣಿಕೆ ಕಾಕತಾಳೀಯ, ಅದರ ಹಿಂದಿರುವ ಕಾರಣಗಳು ಮಾತ್ರ ಕಾಕತಾಳೀಯವಲ್ಲ.

ಮೂರನೆಯ ಅಂಕಿಯ ಭರವಸೆ

ಪೈಥಾನ್‌ನ ಆವೃತ್ತಿ ಸಂಖ್ಯೆಯಲ್ಲಿ ಮೂರು ಭಾಗಗಳಿವೆ. ನಡುವಿನ ಸಂಖ್ಯೆ ವರ್ಷಕ್ಕೊಮ್ಮೆ, ಅಕ್ಟೋಬರ್‌ನಲ್ಲಿ, ಬದಲಾಗುತ್ತದೆ. ಹೊಸ ಸೌಲಭ್ಯಗಳು ಸೇರುವುದು, ಹಳೆಯವು ಕಣ್ಮರೆಯಾಗುವುದು ಅಲ್ಲಿಯೇ. ಮೂರನೆಯ ಅಂಕಿ ಬದಲಾದರೆ ಅದು ನಿರ್ವಹಣಾ ಬಿಡುಗಡೆ: ಹೊಸದೇನನ್ನೂ ಸೇರಿಸದೆ, ಇದ್ದ ದೋಷಗಳನ್ನು ಮಾತ್ರ ತಿದ್ದಿದ ಆವೃತ್ತಿ. ಹೀಗಾಗಿ 3.12ರಿಂದ 3.13ಕ್ಕೆ ಹೋಗುವವರು ತಮ್ಮ ಪ್ರೋಗ್ರಾಂಗಳನ್ನು ಪರೀಕ್ಷಿಸಿಕೊಂಡು ಹೋಗುತ್ತಾರೆ, 3.13.3ರಿಂದ 3.13.4ಕ್ಕೆ ಹೋಗುವವರು ಕಣ್ಣುಮುಚ್ಚಿಕೊಂಡು ಹೋಗುತ್ತಾರೆ. ಬಹಳ ಕಡೆ ಈ ಎರಡನೆಯ ಪ್ರಯಾಣವನ್ನು ಮನುಷ್ಯರು ಮಾಡುವುದೂ ಇಲ್ಲ, ಸರ್ವರ್ ತಾನಾಗಿಯೇ ಮಾಡಿಕೊಳ್ಳುತ್ತದೆ.

ಆದರೆ ದೋಷವನ್ನು ತಿದ್ದುವುದೆಂದರೆ ಪ್ರೋಗ್ರಾಂನ ನಡವಳಿಕೆಯನ್ನು ಬದಲಿಸುವುದು ಎಂದೇ ಅರ್ಥ. ಬದಲಾಗುವ ನಡವಳಿಕೆ ತಪ್ಪಾದದ್ದು, ಅದನ್ನು ಯಾರೂ ನೆಚ್ಚಿಕೊಂಡಿರಲಾರರು ಎಂಬ ಊಹೆಯ ಮೇಲೆಯೇ ನಿರ್ವಹಣಾ ಬಿಡುಗಡೆಯ ಇಡೀ ಕಲ್ಪನೆ ನಿಂತಿದೆ. ಮೂರನೆಯ ಅಂಕಿ ಕೊಡುವ ಭರವಸೆ ತಿದ್ದುವವರ ಉದ್ದೇಶದ ಬಗ್ಗೆಯೇ ಹೊರತು, ತಿದ್ದುಪಡಿಯ ಪರಿಣಾಮದ ಬಗ್ಗೆ ಅಲ್ಲ. 2025ರ ಪ್ರಕರಣಗಳಲ್ಲಿ ಆ ಊಹೆ ಬೇರೆ ಬೇರೆ ರೀತಿಯಲ್ಲಿ ಮುರಿದುಬಿತ್ತು.

ತಿದ್ದುಪಡಿಯ ತಿದ್ದುಪಡಿ

3.13.4ರಲ್ಲಿ ಆದದ್ದನ್ನು ಅರ್ಥ ಮಾಡಿಕೊಳ್ಳಲು ಜೆನರೇಟರ್ ಎಕ್ಸ್‌ಪ್ರೆಶನ್ ಎಂಬ ಪುಟ್ಟ ರಚನೆಯ ಪರಿಚಯ ಬೇಕು. ಒಂದು ಪಟ್ಟಿಯ ಅಂಶಗಳನ್ನು ಒಂದೊಂದಾಗಿ, ಬೇಕಾದಾಗ ಮಾತ್ರ, ಲೆಕ್ಕ ಹಾಕಿ ಕೊಡುವ ರಚನೆ ಅದು. ಅಂಶಗಳ ಲೆಕ್ಕಾಚಾರ ನಂತರ ನಡೆದರೂ ಒಂದು ಪರಿಶೀಲನೆ ಮಾತ್ರ ರಚನೆ ಹುಟ್ಟುವ ಕ್ಷಣದಲ್ಲೇ ನಡೆಯುತ್ತದೆ: ಕೊಟ್ಟ ವಸ್ತು ಒಂದೊಂದಾಗಿ ಎಣಿಸಬಹುದಾದದ್ದೇ ಎಂದು ಪೈಥಾನ್ ಅಲ್ಲಿಯೇ ನೋಡಿಕೊಳ್ಳುತ್ತದೆ. ಪಟ್ಟಿಯ ಬದಲು 5 ಎಂಬ ಬರಿಯ ಸಂಖ್ಯೆಯನ್ನು ಕೊಟ್ಟರೆ ಆ ಸಾಲಿನಲ್ಲೇ ದೋಷ ಸೂಚನೆ ಬರುತ್ತದೆ.

ಈ ರಚನೆಯ ಒಳಗಿನ ಗುಪ್ತ ಚರಾಂಶವನ್ನು ಹೊರಗಿನಿಂದ ಬದಲಿಸಿದರೆ ಪ್ರೋಗ್ರಾಂಗಳನ್ನು ಓಡಿಸುವ ಇಂಟರ್‌ಪ್ರಿಟರ್ ಕುಸಿದುಬೀಳುತ್ತದೆ ಎಂಬುದು ಪತ್ತೆಯಾಗಿತ್ತು. ಸಾಮಾನ್ಯ ಕೋಡ್‌ನಲ್ಲಿ ಯಾರೂ ಮಾಡದ ಕೆಲಸ ಅದು, ಆದರೂ ಕುಸಿತ ಕುಸಿತವೇ. ಆದ್ದರಿಂದ ರಚನೆಯ ಒಳಗೂ ಅದೇ ಪರಿಶೀಲನೆಯನ್ನು ಸೇರಿಸಲಾಯಿತು. ಪರಿಣಾಮವಾಗಿ ಒಂದು ಬಾರಿ ನಡೆಯಬೇಕಾದ ಪರಿಶೀಲನೆ ಎರಡು ಬಾರಿ, ಹೊರಗೊಮ್ಮೆ ಒಳಗೊಮ್ಮೆ, ನಡೆಯತೊಡಗಿತು. ಇದೂ ದೋಷವೆಂದು ವರದಿಯಾಯಿತು. 3.13.4ರಲ್ಲಿ ಅದನ್ನು ತಿದ್ದಲು ಹೊರಗಿನ ಪರಿಶೀಲನೆಯನ್ನು ಕಿತ್ತುಹಾಕಿದರು. ಆಗ ಹುಟ್ಟುವಾಗಲೇ ಬರಬೇಕಿದ್ದ ದೋಷ ಸೂಚನೆ ಬಳಸುವಾಗ ಬರತೊಡಗಿತು.

ಸೂಚನೆ ತಡವಾಗಿ ಬಂದರೇನು ಎಂದು ಕೇಳಬಹುದು. ದೋಷ ಬಂದರೆ ಹಿಡಿಯಲೆಂದು ಪ್ರೋಗ್ರಾಮರ್ ಒಂದು ಸಾಲಿನ ಸುತ್ತ ಬಲೆ ಹಾಕಿರುತ್ತಾನೆ ಎಂದಿಟ್ಟುಕೊಳ್ಳಿ. ಸೂಚನೆ ಆ ಸಾಲಿನಲ್ಲಿ ಬರದೆ, ಬಲೆಯನ್ನು ದಾಟಿ, ಐವತ್ತು ಸಾಲು ಆಚೆ ಬೇರೊಂದು ಫಂಕ್ಷನ್‌ನಲ್ಲಿ ಬಂದರೆ ಅದನ್ನು ಹಿಡಿಯುವವರು ಅಲ್ಲಿರುವುದಿಲ್ಲ. ದೋಷ ಸೂಚನೆ ಯಾವುದು ಎಂಬಷ್ಟೇ ಅದು ಯಾವಾಗ ಬರುತ್ತದೆ ಎಂಬುದೂ ಭಾಷೆಯ ನಡವಳಿಕೆಯ ಭಾಗ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಮಸ್ಯೆಯೂ ಇತ್ತು. ಪೈಥಾನ್ ನಾವು ಬರೆದ ಕೋಡನ್ನು ಬೈಟ್‌ಕೋಡ್ ಎಂಬ ಮಧ್ಯಂತರ ರೂಪಕ್ಕೆ ತಿರುಗಿಸಿ, ಮತ್ತೆ ಮತ್ತೆ ತಿರುಗಿಸುವ ಶ್ರಮ ತಪ್ಪಲೆಂದು ಪಿವೈಸಿ ಕಡತಗಳಲ್ಲಿ ಉಳಿಸಿಕೊಳ್ಳುತ್ತದೆ. ಕಡತದ ತಲೆಯಲ್ಲಿ ಒಂದು ಗುರುತು ಸಂಖ್ಯೆ ಇರುತ್ತದೆ, ಅದು 3.13 ಸರಣಿಯ ಎಲ್ಲ ನಿರ್ವಹಣಾ ಬಿಡುಗಡೆಗಳಿಗೂ ಒಂದೇ. ಅಂದರೆ 3.13.3 ತಯಾರಿಸಿಟ್ಟ ಬೈಟ್‌ಕೋಡನ್ನು 3.13.4 ಹಾಗೆಯೇ ಎತ್ತಿಕೊಂಡು ಓಡಿಸುತ್ತದೆ. 3.13.4ರ ತಿದ್ದುಪಡಿ ಬೈಟ್‌ಕೋಡನ್ನೇ ಬದಲಿಸಿದ್ದರಿಂದ, ಒಂದೇ ಯಂತ್ರದಲ್ಲಿ ಹಳೆಯ ಪಿವೈಸಿ ಇರುವ ಕಡತ ಒಂದು ರೀತಿ, ಹೊಸದಾಗಿ ತಿರುಗಿಸಿದ ಕಡತ ಇನ್ನೊಂದು ರೀತಿ ನಡೆಯಲು ದಾರಿಯಾಯಿತು. ಇಂಥ ದೋಷವನ್ನು ಬೆನ್ನಟ್ಟುವುದು ಯಾರಿಗೂ ಬೇಡ. ಎಂಟು ದಿನಗಳ ನಂತರ ಬಂದ 3.13.5 ಈ ಬದಲಾವಣೆಯನ್ನು ಪೂರ್ತಿ ಹಿಂತೆಗೆದುಕೊಂಡಿತು. ಭಾಷೆಯ ಅರ್ಥವನ್ನೂ ಬೈಟ್‌ಕೋಡನ್ನೂ ಮುಟ್ಟುವ ಬದಲಾವಣೆ ದೋಷ ಪರಿಹಾರದ ಬಿಡುಗಡೆಗೆ ತಕ್ಕುದಲ್ಲ ಎಂಬುದೇ ಅಧಿಕೃತವಾಗಿ ಕೊಟ್ಟ ಕಾರಣ. ಹಳೆಯ ಸಣ್ಣ ದೋಷದೊಂದಿಗೆ ಬಾಳುವುದೇ ವಾಸಿ ಎಂದು ತೀರ್ಮಾನಿಸಿದಂತಾಯಿತು.

ಅದೇ 3.13.4ರಲ್ಲಿ ವಿಂಡೋಸ್ ಬಳಕೆದಾರರಿಗೆ ಬೇರೆಯದೇ ಪೆಟ್ಟು ಬಿದ್ದಿತ್ತು: ಸಿ ಭಾಷೆಯಲ್ಲಿ ಬರೆದ ವಿಸ್ತರಣಾ ಮಾಡ್ಯೂಲ್‌ಗಳನ್ನು ಸಾಮಾನ್ಯ ಪೈಥಾನ್‌ಗಾಗಿ ಕಟ್ಟಲು ಹೋದರೆ ಕೆಲಸ ಕೆಡುತ್ತಿತ್ತು. ಇದರಲ್ಲಿ ತಾತ್ವಿಕ ಪ್ರಶ್ನೆಯೇನೂ ಇಲ್ಲ. ಇನ್‌ಸ್ಟಾಲರ್‌ನಲ್ಲಿ ಸೇರಬಾರದಿದ್ದ ಬದಲಾವಣೆಯುಳ್ಳ ಒಂದು ಕಡತ ಸೇರಿಬಿಟ್ಟಿತ್ತು, ಅಷ್ಟೇ.

ಓಡುತ್ತಿರುವ ಪ್ರೋಗ್ರಾಂನ ಕಾಲಡಿಯ ನೆಲ

ಡಿಸೆಂಬರ್‌ನ ದೋಷಗಳಲ್ಲಿ ಅತ್ಯಂತ ಕುತೂಹಲಕಾರಿಯಾದದ್ದು ಹಲವು ಪ್ರಕ್ರಿಯೆಗಳನ್ನು ಒಟ್ಟಿಗೆ ನಡೆಸುವ ಮಲ್ಟಿಪ್ರೊಸೆಸಿಂಗ್ ಮಾಡ್ಯೂಲಿಗೆ ಸೇರಿದ್ದು. ಹಂಚಿಕೊಂಡ ಸಂಪನ್ಮೂಲಗಳನ್ನು ಕೊನೆಯಲ್ಲಿ ಗುಡಿಸಿ ತೆಗೆಯಲು ಈ ಮಾಡ್ಯೂಲ್ ರಿಸೋರ್ಸ್ ಟ್ರ್ಯಾಕರ್ ಎಂಬ ಸಹಾಯಕ ಪ್ರಕ್ರಿಯೆಯೊಂದನ್ನು ಇಟ್ಟುಕೊಳ್ಳುತ್ತದೆ. ಮುಖ್ಯ ಪ್ರಕ್ರಿಯೆ ಅದಕ್ಕೆ ಚಿಕ್ಕ ಚಿಕ್ಕ ಸಂದೇಶಗಳನ್ನು ಕಳಿಸುತ್ತಿರುತ್ತದೆ. 3.14.1ರಲ್ಲಿ ಈ ಸಂದೇಶಗಳ ರೂಪ ಬದಲಾಯಿತು. ಕಳಿಸುವವನೂ ಓದುವವನೂ ಪೈಥಾನೇ ಆಗಿರುವಾಗ, ಇಬ್ಬರನ್ನೂ ಒಟ್ಟಿಗೆ ಬದಲಿಸಿದರೆ ತೊಂದರೆಯೇನು ಎಂದು ಯಾರಿಗಾದರೂ ಅನ್ನಿಸುತ್ತದೆ.

ತೊಂದರೆ ಇರುವುದು ಕಾಲದಲ್ಲಿ. ದಿನಗಟ್ಟಲೆ ಓಡುತ್ತಿರುವ ಪ್ರೋಗ್ರಾಂ ಒಂದರ ಮುಖ್ಯ ಪ್ರಕ್ರಿಯೆ 3.14.0ರ ಕೋಡನ್ನು ಆಗಲೇ ಮೆಮೊರಿಗೆ ತಂದುಕೊಂಡಿದೆ. ಅದು ಓಡುತ್ತಿರುವಾಗಲೇ ಡಿಸ್ಕ್‌ನಲ್ಲಿರುವ ಪೈಥಾನ್ 3.14.1 ಆಗುತ್ತದೆ. ಆಮೇಲೆ ಪ್ರೋಗ್ರಾಂ ಸಹಾಯಕ ಪ್ರಕ್ರಿಯೆಯನ್ನು ಹುಟ್ಟಿಸಿದರೆ ಆ ಸಹಾಯಕ ಡಿಸ್ಕ್‌ನಿಂದ ಹೊಸ ಕೋಡನ್ನು ಓದಿಕೊಂಡು ಹುಟ್ಟುತ್ತದೆ. ಯಜಮಾನ ಹಳೆಯ ಮಾತಿನಲ್ಲಿ ಆಜ್ಞಾಪಿಸುತ್ತಾನೆ, ಆಳು ಹೊಸ ಮಾತನ್ನು ಮಾತ್ರ ಬಲ್ಲ. 3.14.2 ಹಳೆಯ ಸಂದೇಶ ರೂಪವನ್ನೇ ಮತ್ತೆ ಮೂಲ ಕ್ರಮವನ್ನಾಗಿ ಮಾಡಿತು. ಅದರ ಜೊತೆಗೆ ಮಾಹಿತಿ ಕೂಡಿಡುವ ಡೇಟಾಕ್ಲಾಸ್ ಎಂಬ ರಚನೆಗಳಲ್ಲಿ ಅಕಾರಣವಾಗಿ ಏಳುತ್ತಿದ್ದ ದೋಷ ಸೂಚನೆ, ಡಿಕ್ಷನರಿ ಎಂಬ ಇನ್ನೊಂದು ರಚನೆಗೆ ಅಂಶ ಸೇರಿಸುವಾಗಿನ ಕುಸಿತ ಮೊದಲಾದವನ್ನೂ ಸರಿಪಡಿಸಿತು.

ಆಗಸ್ಟ್‌ನ 3.13.6ರ ತೊಂದರೆಯೂ ಕಾಲಕ್ಕೆ ಸಂಬಂಧಿಸಿದ್ದೇ. ಟಿಎಲ್‌ಎಸ್ ಗೂಢಲಿಪಿಯ ಸಂಪರ್ಕವೊಂದರಲ್ಲಿ ಒಂದು ಥ್ರೆಡ್ (ಒಂದೇ ಪ್ರೋಗ್ರಾಂನೊಳಗೆ ಜೊತೆಜೊತೆಗೆ ನಡೆಯುವ ಕೆಲಸಗಳಲ್ಲೊಂದು) ಉತ್ತರ ಓದಲು ಕಾಯುತ್ತಾ ಕುಳಿತಿರುವಾಗ ಇನ್ನೊಂದು ಥ್ರೆಡ್ ಅದೇ ಸಂಪರ್ಕದಲ್ಲಿ ಸಂದೇಶ ಕಳಿಸಲು ಹೋದರೆ ಎರಡೂ ಸಿಕ್ಕಿಕೊಳ್ಳುತ್ತಿದ್ದವು. ಓದುವವನ ಕೈಯಲ್ಲಿ ಬೀಗ, ಕಳಿಸುವವನಿಗೆ ಆ ಬೀಗ ಸಿಗುವವರೆಗೆ ಕಳಿಸುವಂತಿಲ್ಲ, ಕಳಿಸದೆ ಆಚೆಯಿಂದ ಉತ್ತರ ಬರುವಂತಿಲ್ಲ, ಉತ್ತರ ಬರದೆ ಓದುವವನು ಬೀಗ ಬಿಡುವಂತಿಲ್ಲ. ದೋಷ ಸೂಚನೆಯೂ ಇಲ್ಲದೆ ಪ್ರೋಗ್ರಾಂ ಸುಮ್ಮನೆ ನಿಂತುಬಿಡುತ್ತದೆ. ಪ್ರೋಗ್ರಾಂ ಕುಸಿದುಬಿದ್ದರೆ ಕಾರಣ ಹುಡುಕಲು ಒಂದು ಎಳೆಯಾದರೂ ಸಿಗುತ್ತದೆ; ಹೀಗೆ ಮೌನವಾಗಿ ನಿಂತ ಪ್ರೋಗ್ರಾಂ ಅದನ್ನೂ ಕೊಡುವುದಿಲ್ಲ.

ಪರೀಕ್ಷೆಯ ಸರದಿ ಯಾರದು

ವರ್ಷಕ್ಕೊಮ್ಮೆ ಬರುವ ಮುಖ್ಯ ಆವೃತ್ತಿ ಆಲ್ಫಾ, ಬೀಟಾ, ರಿಲೀಸ್ ಕ್ಯಾಂಡಿಡೇಟ್ ಎಂಬ ಪರೀಕ್ಷಾ ಹಂತಗಳನ್ನು ತಿಂಗಳುಗಟ್ಟಲೆ ದಾಟಿ ಬರುತ್ತದೆ. ಅಷ್ಟರೊಳಗೆ ದೊಡ್ಡ ಲೈಬ್ರರಿಗಳ ಲೇಖಕರು ತಮ್ಮ ಕೋಡನ್ನು ಅದರ ಮೇಲೆ ಓಡಿಸಿ ನೋಡಿರುತ್ತಾರೆ. 3.13.0ರ ವಿಷಯದಲ್ಲಿ ಈ ಜರಡಿ ಕೆಲಸ ಮಾಡಿದ್ದಕ್ಕೆ ಒಳ್ಳೆಯ ಸಾಕ್ಷಿಯಿದೆ: 2024ರ ಅಕ್ಟೋಬರ್ 1ರಂದು ಬರಬೇಕಿದ್ದ ಅದನ್ನು ಕೊನೆಯ ಗಳಿಗೆಯಲ್ಲಿ ತಡೆದು, ಮೆಮೊರಿ ತೆರವು ಮಾಡುವ ಹೊಸ ವಿಧಾನವೊಂದನ್ನು ಹಿಂತೆಗೆದು, ಇನ್ನೊಂದು ಕ್ಯಾಂಡಿಡೇಟ್ ಹೊರಡಿಸಿ, ಅಕ್ಟೋಬರ್ 7ರಂದು ಬಿಡುಗಡೆ ಮಾಡಲಾಯಿತು.

ನಿರ್ವಹಣಾ ಬಿಡುಗಡೆಗೆ ಇಂಥ ಜರಡಿ ಈಗ ಇಲ್ಲ. ತಿದ್ದುಪಡಿ ಮೊದಲು ಮುಂದಿನ ಆವೃತ್ತಿಯ ಮುಖ್ಯ ಶಾಖೆಗೆ (ಶಾಖೆ ಎಂದರೆ ಒಂದು ಸರಣಿಯ ಕೋಡ್‌ನ ಪ್ರತಿ) ಸೇರುತ್ತದೆ, ಅಲ್ಲಿಂದ ಹಳೆಯ ಶಾಖೆಗಳಿಗೆ ಬ್ಯಾಕ್‌ಪೋರ್ಟ್, ಅಂದರೆ ನಕಲು, ಆಗುತ್ತದೆ. ಬಹುಪಾಲು ನಕಲನ್ನು ಒಂದು ಬಾಟ್, ಅಂದರೆ ಸ್ವಯಂಚಾಲಿತ ಪ್ರೋಗ್ರಾಂ, ಸಿದ್ಧಪಡಿಸುತ್ತದೆ. ಪೈಥಾನ್‌ನ ಸ್ವಂತ ಪರೀಕ್ಷೆಗಳು ಪಾಸಾದರೆ ಅದು ಒಳಗೆ. ನಿಗದಿತ ದಿನ ಬಂದಾಗ ಶಾಖೆಯಲ್ಲಿ ಇರುವುದೆಲ್ಲ ನೇರವಾಗಿ ಅಂತಿಮ ಆವೃತ್ತಿಯಾಗಿ ಹೊರಬೀಳುತ್ತದೆ. ಮೇಲೆ ಹೇಳಿದ ದೋಷಗಳನ್ನು ಮತ್ತೊಮ್ಮೆ ನೋಡಿದರೆ, ಅವು ಸ್ವಂತ ಪರೀಕ್ಷೆಯ ಕಣ್ಣಿಗೆ ಬೀಳುವುದು ಕಷ್ಟ ಎಂಬುದು ತಿಳಿಯುತ್ತದೆ: ಓಡುತ್ತಿರುವ ಪ್ರೋಗ್ರಾಂನ ನಡುವೆ ಪೈಥಾನನ್ನು ಬದಲಿಸಿ ನೋಡುವ ಪರೀಕ್ಷೆಯನ್ನು ಯಾರು ಬರೆದಿರುತ್ತಾರೆ? ಅಂಥ ಪರೀಕ್ಷೆ ನಡೆಯುವುದು ಲಕ್ಷಾಂತರ ಜನರ ನಿಜವಾದ ಬಳಕೆಯಲ್ಲಿ, ಬಿಡುಗಡೆಯ ನಂತರ.

4300 ಅಂಕಿಗಳ ತಕರಾರು

ಇಲ್ಲಿಯವರೆಗಿನವು ಅರಿವಿಲ್ಲದೆ ಆದ ತಪ್ಪುಗಳು. ತಿಳಿದೂ ತಿಳಿದೂ ನಿರ್ವಹಣಾ ಬಿಡುಗಡೆಯಲ್ಲಿ ನಡವಳಿಕೆಯನ್ನು ಬದಲಿಸಿದ ಪ್ರಸಂಗವೊಂದಿದೆ. ಮೂರನೆಯ ಅಂಕಿಯ ಅರ್ಥದ ಬಗ್ಗೆ ನಡೆಯುವ ವಾದವೆಲ್ಲ ತಿರುಗಿ ತಿರುಗಿ ಅಲ್ಲಿಗೇ ಹೋಗುತ್ತದೆ.

ಪೈಥಾನ್‌ನಲ್ಲಿ ಪೂರ್ಣಾಂಕಕ್ಕೆ ಗಾತ್ರದ ಮಿತಿಯಿಲ್ಲ. ಆದರೆ ಅಂಕಿಗಳ ಸಾಲನ್ನು ಸಂಖ್ಯೆಯಾಗಿಸುವ, ಸಂಖ್ಯೆಯನ್ನು ಅಂಕಿಗಳ ಸಾಲಾಗಿಸುವ ಕೆಲಸಕ್ಕೆ ತಗಲುವ ಕಾಲ ಅಂಕಿಗಳ ವರ್ಗಕ್ಕೆ ಅನುಗುಣವಾಗಿ ಏರುತ್ತಿತ್ತು: ಅಂಕಿಗಳು ಎರಡು ಪಟ್ಟಾದರೆ ಕಾಲ ನಾಲ್ಕು ಪಟ್ಟು, ಹತ್ತು ಪಟ್ಟಾದರೆ ನೂರು ಪಟ್ಟು. ಐದು ಲಕ್ಷ ಅಂಕಿಗಳ ಒಂದು ಸಾಲನ್ನು ಪರಿವರ್ತಿಸಲು ವೇಗದ ಕಂಪ್ಯೂಟರಿಗೂ ಒಂದು ಸೆಕೆಂಡಿಗಿಂತ ಹೆಚ್ಚು ಬೇಕಾಗಬಹುದು. ಐದು ಲಕ್ಷ ಅಂಕಿ ಎಂದರೆ ಅರ್ಧ ಎಂಬಿಯಷ್ಟು ಪಠ್ಯ ಮಾತ್ರ. ಜೇಸನ್ ರೂಪದ ಮಾಹಿತಿಯನ್ನು ಓದುವ ವೆಬ್ ಸರ್ವರಿಗೆ ಅಂಥ ಸಾಲುಗಳನ್ನು ಒಂದರ ಮೇಲೊಂದು ಕಳಿಸಿದರೆ ಅದು ಬೇರೆ ಯಾರಿಗೂ ಉತ್ತರಿಸಲಾಗದೆ ಏದುಸಿರು ಬಿಡುತ್ತದೆ. ಈ ದೌರ್ಬಲ್ಯಕ್ಕೆ ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2020-10735 ಎಂಬ ಗುರುತು ಸಿಕ್ಕಿತು.

ಪರಿಹಾರ ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ, ನಾಲ್ಕು ಸರಣಿಗಳ ನಿರ್ವಹಣಾ ಬಿಡುಗಡೆಗಳಲ್ಲಿ ಒಟ್ಟಿಗೆ: 3.10.7, 3.9.14, 3.8.14, 3.7.14. ಅಂದಿನಿಂದ 4300ಕ್ಕಿಂತ ಹೆಚ್ಚು ದಶಮಾನ ಅಂಕಿಗಳ ಪರಿವರ್ತನೆಗೆ ಪೈಥಾನ್ ದೋಷ ಸೂಚನೆ ಕೊಡುತ್ತದೆ. ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡರ ಆಧಾರದ ಪರಿವರ್ತನೆ ವೇಗವಾಗಿಯೇ ಆಗುವುದರಿಂದ ಅದಕ್ಕೆ ಮಿತಿಯಿಲ್ಲ. ಮಿತಿಯನ್ನು ಬೇಕಾದವರು ಏರಿಸಬಹುದು, ತೆಗೆದೇ ಹಾಕಬಹುದು, 640 ಅಂಕಿಯವರೆಗೆ ಇಳಿಸಬಹುದು. 4300 ಎಂಬ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರ ಪೈಥಾನ್‌ನ ಮೂಲ ಕೋಡ್‌ನಲ್ಲೇ ಟಿಪ್ಪಣಿಯಾಗಿ ಇದೆ: ಆಧುನಿಕ ಯಂತ್ರಗಳಲ್ಲಿ ತೀರಾ ನಿಧಾನವಾಗಬಾರದು, ಜೊತೆಗೆ ಆಗ ಬಳಕೆಯಲ್ಲಿದ್ದ ನಂಪೈ ಎಂಬ ಗಣಿತದ ಲೈಬ್ರರಿಯ ಪರೀಕ್ಷೆಗಳು ಮುರಿಯಬಾರದು. ಗಣಿತದ ಯಾವ ತತ್ವವೂ ಅದರ ಹಿಂದಿಲ್ಲ. (ಪೈಥಾನ್ ಕನ್ನಡದ ಅಂಕಿಗಳನ್ನೂ ಸಂಖ್ಯೆಯಾಗಿ ಓದಬಲ್ಲದು, ಮಿತಿ ಅವಕ್ಕೂ ಅಷ್ಟೇ.)

ವಿರೋಧ ಜೋರಾಗಿಯೇ ಬಂತು. ದೊಡ್ಡ ಸಂಖ್ಯೆಗಳೊಂದಿಗೆ ಕೆಲಸ ಮಾಡುವ ಗಣಿತದವರಿಗೆ ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಕಂಡಿತು. 2000ದ ಫ್ಯಾಕ್ಟೋರಿಯಲ್, ಅಂದರೆ 1ರಿಂದ 2000ದವರೆಗಿನ ಪೂರ್ಣಾಂಕಗಳ ಗುಣಲಬ್ಧ, 5736 ಅಂಕಿಗಳದ್ದು. ಅದನ್ನು ಮುದ್ರಿಸುವ ಪಾಠಶಾಲೆಯ ಪ್ರೋಗ್ರಾಂ ಸಹ ಆ ದಿನದಿಂದ ಕೆಲಸ ಮಾಡಲಿಲ್ಲ. ಪೈಥಾನ್‌ನ ಯಾದೃಚ್ಛಿಕ ಸಂಖ್ಯೆಗಳ ಮಾಡ್ಯೂಲ್ ಬಳಸುವ ಮೆರ್ಸೆನ್ ಟ್ವಿಸ್ಟರ್ ವಿಧಾನದ ಆವರ್ತ (ಅದೇ ಸಾಲು ಮರುಕಳಿಸುವ ಮುನ್ನ ಸಿಗುವ ಸಂಖ್ಯೆಗಳ ಎಣಿಕೆ) 2ರ 19937ನೆಯ ಘಾತದಿಂದ ಒಂದು ಕಳೆದಷ್ಟು. ಆ ಸಂಖ್ಯೆಗೆ 6002 ಅಂಕಿಗಳಿರುವುದರಿಂದ, ತನ್ನದೇ ಮಾಡ್ಯೂಲಿನ ಆವರ್ತವನ್ನು ಬರೆದು ತೋರಿಸಲು ಪೈಥಾನ್ ಈಗ ಮೊದಲು ಅನುಮತಿ ಕೇಳಬೇಕು.

ಆಕ್ಷೇಪಗಳಲ್ಲಿ ಎರಡು ಬಗೆಯಿದ್ದವು. ರೋಗ ಇರುವುದು ನಿಧಾನವಾದ ಕ್ರಮವಿಧಿಯಲ್ಲಿ, ಅದನ್ನು ವೇಗಗೊಳಿಸುವುದು ಬಿಟ್ಟು ಸಂಖ್ಯೆಗೆ ಮಿತಿ ಹಾಕುವುದೇಕೆ ಎಂಬುದು ಒಂದು. ಭದ್ರತೆಯ ಕಾರಣ ಕೊಟ್ಟು ಒಳಗೊಳಗೇ ಚರ್ಚಿಸಿ, ಎಲ್ಲ ಹಳೆಯ ಸರಣಿಗಳಿಗೂ ಮುನ್ಸೂಚನೆಯಿಲ್ಲದೆ ತುರುಕಿದರೆ ನಿರ್ವಹಣಾ ಬಿಡುಗಡೆಯ ಮೇಲಿನ ನಂಬಿಕೆಗೆ ಏನು ಬೆಲೆ ಎಂಬುದು ಇನ್ನೊಂದು. ಸಮರ್ಥಕರ ಉತ್ತರವೂ ಗಟ್ಟಿಯಾಗಿತ್ತು: ದಾಳಿಗೆ ಒಡ್ಡಿಕೊಂಡಿರುವ ಸರ್ವರ್‌ಗಳು ಓಡುತ್ತಿರುವುದೇ ಹಳೆಯ ಸರಣಿಗಳಲ್ಲಿ, ಹೊಸ ಸರಣಿಯಲ್ಲಿ ಮಾತ್ರ ತಿದ್ದಿದರೆ ರಕ್ಷಣೆ ಬೇಕಾದವರಿಗೇ ಅದು ಸಿಗುವುದಿಲ್ಲ, ಮುಂಚಿತವಾಗಿ ಸಾರಿದರೆ ದಾಳಿಕೋರರಿಗೇ ಆಹ್ವಾನ ಕೊಟ್ಟಂತೆ, ವೇಗದ ಕ್ರಮವಿಧಿ ಬಂದರೂ ಸಾಕಷ್ಟು ದೊಡ್ಡ ಸಂಖ್ಯೆ ಕಳಿಸಿದರೆ ಸರ್ವರ್ ಬಳಲುವುದು ತಪ್ಪುವುದಿಲ್ಲ.

ಕೊನೆಯ ಮಾತನ್ನು ಮುಂದಿನ ಬೆಳವಣಿಗೆ ಎತ್ತಿಹಿಡಿಯಿತು. 2023ರ ಅಕ್ಟೋಬರ್‌ನಲ್ಲಿ ಬಂದ 3.12ರಲ್ಲಿ ದೊಡ್ಡ ಸಂಖ್ಯೆಗಳ ಪರಿವರ್ತನೆಗೆ ಹೆಚ್ಚು ವೇಗದ ಕ್ರಮವಿಧಿಗಳು ಸೇರಿದವು, 4300ರ ಮಿತಿ ಹಾಗೆಯೇ ಉಳಿಯಿತು. ಆದರೂ ಪ್ರಕಟಣೆಯ ರೀತಿಯ ಬಗ್ಗೆ ಎತ್ತಿದ ಆಕ್ಷೇಪಕ್ಕೆ ಸಮರ್ಪಕ ಉತ್ತರ ಸಿಕ್ಕಿಲ್ಲವೆಂದೇ ಹೇಳಬೇಕು. ಹಿಂದಿನ ಆವೃತ್ತಿಗಳೊಂದಿಗಿನ ಹೊಂದಾಣಿಕೆಯ ನೀತಿಯಲ್ಲಿ ಭದ್ರತೆಗೆ ವಿನಾಯಿತಿ ಇರುವುದು ಸರಿ. ಆದರೆ ಮೂರನೆಯ ಅಂಕಿ ಮಾತ್ರ ಬದಲಾದ ಆವೃತ್ತಿಯಲ್ಲಿ ಇಂಥದ್ದೊಂದು ಇದೆಯೆಂದು ಟಿಪ್ಪಣಿಗಳನ್ನು ಓದದ ಬಳಕೆದಾರನಿಗೆ ತಿಳಿಸುವ ದಾರಿಯೇ ಆವೃತ್ತಿ ಸಂಖ್ಯೆಯ ಈ ಪದ್ಧತಿಯಲ್ಲಿ ಇಲ್ಲ.

ಬಿಗಿಯೋ, ವೇಗವೋ

2025ರ ಸರಣಿ ಎಡವಟ್ಟುಗಳ ನಂತರ ಎರಡು ದಾರಿಗಳು ಕಾಣುತ್ತವೆ. ನಿರ್ವಹಣಾ ಶಾಖೆಗೆ ಸೇರುವ ತಿದ್ದುಪಡಿಗಳನ್ನೇ ಕಡಿಮೆ ಮಾಡಿ, ಪ್ರತಿ ಬಿಡುಗಡೆಗೂ ಒಂದು ಕ್ಯಾಂಡಿಡೇಟ್ ಹೊರಡಿಸಿ ಒಂದೆರಡು ವಾರ ಕಾಯುವುದು ಒಂದು ದಾರಿ. ತಪ್ಪು ಕಂಡೊಡನೆ ದಿನಗಳಲ್ಲಿ ಮರುಬಿಡುಗಡೆ ಮಾಡುವುದು, ಅಂದರೆ ಈಗ ಮಾಡುತ್ತಿರುವುದು, ಇನ್ನೊಂದು. ಮೊದಲನೆಯದರ ದೌರ್ಬಲ್ಯವೆಂದರೆ ನಿರ್ವಹಣಾ ಬಿಡುಗಡೆಯ ಕ್ಯಾಂಡಿಡೇಟನ್ನು ತೆಗೆದುಕೊಂಡು ಪರೀಕ್ಷಿಸುವವರು ಸಿಗುವುದು ಕಷ್ಟ. ಯಾರೂ ಮುಟ್ಟದ ಕ್ಯಾಂಡಿಡೇಟ್ ಎರಡು ವಾರಗಳ ವಿಳಂಬವನ್ನು ಬಿಟ್ಟು ಬೇರೇನನ್ನೂ ಕೊಡುವುದಿಲ್ಲ, ಭದ್ರತಾ ತಿದ್ದುಪಡಿಗಳೂ ಅಷ್ಟೇ ತಡವಾಗುತ್ತವೆ. ಎರಡನೆಯದರ ದೌರ್ಬಲ್ಯ, ಆ ಮೂರು ಅಥವಾ ಎಂಟು ದಿನಗಳಲ್ಲಿ ಸಿಕ್ಕಿಬಿದ್ದವರು ಬೆಲೆ ತೆರುತ್ತಾರೆ.

ಎಲ್ಲವನ್ನೂ ತೂಗಿ ನೋಡಿದರೆ ಶೀಘ್ರ ಮರುಬಿಡುಗಡೆಯೇ ಒಪ್ಪಬಹುದಾದ ದಾರಿ ಎನಿಸುತ್ತದೆ. ಆದರೆ ಬೈಟ್‌ಕೋಡನ್ನು ಬದಲಿಸುವ ತಿದ್ದುಪಡಿ, ಪ್ರಕ್ರಿಯೆಗಳ ನಡುವಿನ ಸಂದೇಶ ರೂಪವನ್ನು ಬದಲಿಸುವ ತಿದ್ದುಪಡಿ ಇವೆರಡಕ್ಕೂ ಅದೇ ಸಮರ್ಥನೆ ಸಲ್ಲದು. ಅವು ಪರೀಕ್ಷೆಯ ಕೊರತೆಯಿಂದ ನುಸುಳಿದವಲ್ಲ, ಶಾಖೆಗೆ ಸೇರಿಸುವಾಗಲೇ ತಡೆಯಬಹುದಾಗಿದ್ದ ವರ್ಗಕ್ಕೆ ಸೇರಿದವು.

ಬಳಕೆದಾರರು ನಿಂತಿರುವ ನೆಲ

ಯಾರು ಯಾವ ಆವೃತ್ತಿಗೆ ಸಿಕ್ಕಿಕೊಳ್ಳುತ್ತಾರೆ ಎಂಬುದು ಅವರು ಪೈಥಾನನ್ನು ಎಲ್ಲಿಂದ ಪಡೆಯುತ್ತಾರೆ ಎಂಬುದರ ಮೇಲೆ ನಿಂತಿದೆ. ಪ್ರೋಗ್ರಾಂ ಓಡಲು ಬೇಕಾದುದನ್ನೆಲ್ಲ ಒಟ್ಟಿಗೆ ಕಟ್ಟಿಡುವ ಡಾಕರ್ ಇಮೇಜಿನ ಹೆಸರಿನಲ್ಲಿ 3.13 ಎಂದಷ್ಟೇ ಬರೆದವರಿಗೆ ಮುಂದಿನ ಬಾರಿ ಇಮೇಜನ್ನು ಎಳೆದುಕೊಂಡಾಗ ಆ ಹೊತ್ತಿನ ಹೊಸ ಆವೃತ್ತಿ ಬರುತ್ತದೆ. ತಮ್ಮ ಕೋಡ್‌ನಲ್ಲಿ ಒಂದಕ್ಷರ ಬದಲಾಗದಿದ್ದರೂ ನಿನ್ನೆ ಪಾಸಾದ ಪರೀಕ್ಷೆ ಇಂದು ಫೇಲಾಗುವುದು ಹೀಗೆ. 3.13.5 ಎಂದು ಪೂರ್ತಿ ಬರೆದವರಿಗೆ ಈ ಕಾಟವಿಲ್ಲ. ಬದಲಿಗೆ ಭದ್ರತಾ ತಿದ್ದುಪಡಿಗಳನ್ನು ನೆನಪಿಟ್ಟುಕೊಂಡು ತಾವೇ ತರುವ ಹೊಣೆ ಹೆಗಲೇರುತ್ತದೆ. ಸಂಖ್ಯೆಯನ್ನು ಪೂರ್ತಿ ಬರೆದು, ಹೊಸ ಆವೃತ್ತಿ ಬಂದ ಎರಡು ವಾರಗಳ ನಂತರ ಪರೀಕ್ಷಿಸಿ ಬದಲಿಸಿಕೊಂಡವರು 2025ರ ಈ ಎಲ್ಲ ಪ್ರಕರಣಗಳಿಂದಲೂ ಪಾರಾಗುತ್ತಿದ್ದರು. ಆದರೆ ಬಿಡುಗಡೆಯಲ್ಲಿ ತಮ್ಮ ಬಳಕೆಗೆ ತಟ್ಟುವ ಭದ್ರತಾ ತಿದ್ದುಪಡಿ ಇದ್ದರೆ ಆ ಕಾಯುವಿಕೆಯೇ ಅಪಾಯ.

ಡೆಬಿಯನ್‌ನಂಥ ಲಿನಕ್ಸ್ ವಿತರಣೆಗಳು ಮೂರನೆಯ ಹಾದಿ ಹಿಡಿದಿವೆ. ಒಂದು ನಿರ್ವಹಣಾ ಆವೃತ್ತಿಯನ್ನು ಆರಿಸಿ, ಅಲ್ಲಿಗೇ ನಿಂತು, ಭದ್ರತಾ ತಿದ್ದುಪಡಿಗಳನ್ನು ಮತ್ತು ಗಂಭೀರ ದೋಷಗಳ ಪರಿಹಾರಗಳನ್ನು ಆಯ್ದು ಆಯ್ದು ಅದರ ಮೇಲೆ ಹೊಲಿಯುತ್ತವೆ. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ರಲ್ಲಿರುವುದು 3.13.5. ಅದಕ್ಕೆ ಕೆಲವೇ ದಿನ ಮೊದಲು ಬಂದಿದ್ದ 3.13.6ರ ಸಿಕ್ಕು ಆ ಬಳಕೆದಾರರನ್ನು ಮುಟ್ಟಲಿಲ್ಲ, ನಂತರದ ಆವೃತ್ತಿಗಳ ನೂರಾರು ಸಣ್ಣ ಪರಿಹಾರಗಳೂ ಬಹುಪಾಲು ಮುಟ್ಟಲಿಲ್ಲ.

ಈ ಹೊಯ್ದಾಟಕ್ಕೆ 3.13ರ ಮಟ್ಟಿಗೆ ಒಂದು ಗಡುವಿದೆ. ಈ ಸರಣಿಯಿಂದ ದೋಷ ಪರಿಹಾರದ ಅವಧಿಯನ್ನು ಎರಡು ವರ್ಷಕ್ಕೆ ವಿಸ್ತರಿಸಲಾಗಿರುವುದರಿಂದ ಸಾಮಾನ್ಯ ತಿದ್ದುಪಡಿಗಳು 2026ರ ಅಕ್ಟೋಬರ್‌ವರೆಗೆ ಬರುತ್ತವೆ. ಅಲ್ಲಿಂದ 2029ರ ಅಕ್ಟೋಬರ್‌ವರೆಗೆ ಭದ್ರತಾ ತಿದ್ದುಪಡಿಗಳು ಮಾತ್ರ, ಅವೂ ಮೂಲ ಕೋಡ್‌ನ ರೂಪದಲ್ಲಿ, ವಿಂಡೋಸ್ ಇನ್‌ಸ್ಟಾಲರ್ ಇಲ್ಲದೆ.